ಪತ್ರ ಎಲ್ಲಿ ಸಿಕ್ಕಿಕೊಂಡಿದೆ? ಪ್ಯಾಕೆಟ್ ರೇಡಿಯೊದಲ್ಲಿ ದಾರಿ ಪತ್ತೆ

ಪ್ಯಾಕೆಟ್ ರೇಡಿಯೊ ಎಂದರೆ ಹವ್ಯಾಸಿ ರೇಡಿಯೊದವರು ಪಠ್ಯವನ್ನು ಸಣ್ಣ ತುಂಡುಗಳಾಗಿ (ಪ್ಯಾಕೆಟ್) ರೇಡಿಯೊದಲ್ಲಿ ಕಳಿಸುವ ಬಗೆ. ಇದರ ಜಾಲದಲ್ಲಿ ದಾರಿಗಳು ಎರಡು. ನೋಡ್‌ನಿಂದ (ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವ ನಿಲ್ದಾಣದಿಂದ) ನೋಡ್‌ಗೆ ಪ್ಯಾಕೆಟ್ ಸಾಗುವ ದಾರಿಯನ್ನು ನೆಟ್‌ರಾಮ್ ಎಂಬ ನೋಡ್ ತಂತ್ರಾಂಶ ತಾನೇ ಕಟ್ಟಿಕೊಳ್ಳುತ್ತದೆ. ಪತ್ರ ಯಾವ ಬಿಬಿಎಸ್‌ಗೆ (ಪತ್ರ ಇಟ್ಟುಕೊಂಡು ಮುಂದೆ ಕಳಿಸುವ ಗಣಕಕ್ಕೆ) ಹೋಗಬೇಕೆಂಬುದನ್ನು ಸಿಸಾಪ್, ಅಂದರೆ ಅದನ್ನು ನಡೆಸುವವರು, ಬರೆದಿಟ್ಟ ಫಾರ್ವರ್ಡಿಂಗ್ ನಿಯಮ ಹೇಳುತ್ತದೆ. ಒಂದರ ತಪ್ಪನ್ನು ಇನ್ನೊಂದರಲ್ಲಿ ಹುಡುಕಿದರೆ ಸಂಜೆಯೆಲ್ಲ ಹಾಳು.

ಮುಂಬಯಿ ಕಡೆಯ ಡೊಂಬಿವಲಿ, ಘಟ್ಟದ ಮೇಲಿನ ಖಂಡಾಳ, ಪುಣೆಯ ಕೋಥ್ರೂಡ್ ಎಂದು ಮೂರು ನೋಡ್ ಇವೆ, ಮೂರರಲ್ಲೂ ಬಿಬಿಎಸ್ ಇದೆ ಅಂದುಕೊಳ್ಳಿ. ನಡುವೆ ಘಟ್ಟ ಇರುವುದರಿಂದ ಈ ಜಾಲದಲ್ಲಿ ಖಂಡಾಳದ ನೆರವಿಲ್ಲದೆ 2 ಮೀಟರ್ ಎಂಬ ಹವ್ಯಾಸಿ ಬ್ಯಾಂಡಿನಲ್ಲಿ ಮುಂಬಯಿ ಕಡೆಯವರಿಗೂ ಪುಣೆಯವರಿಗೂ ಮಾತಿಲ್ಲ. ಡೊಂಬಿವಲಿಯ ಪತ್ರ ಕೋಥ್ರೂಡಿಗೆ ಬಂದಿಲ್ಲ.

ಮೊದಲು ಕಳಿಸಿದ ಬಿಬಿಎಸ್‌ನಲ್ಲಿ ಪತ್ರದ ಸ್ಥಿತಿಯ ಅಕ್ಷರ ನೋಡಿ. ಎನ್ ಇದ್ದರೆ ಹೊರಟೇ ಇಲ್ಲ. ಎಚ್ ಇದ್ದರೆ ತಡೆಹಿಡಿಯಲಾಗಿದೆ. ಎಫ್ ಎಂದರೆ ಪಕ್ಕದ ಬಿಬಿಎಸ್ ಕೈಗೆ ಕೊಟ್ಟಾಯಿತು ಎಂದಷ್ಟೆ. ತಲುಪಿತು ಎಂದುಕೊಂಡು ಹೊಸಬರು ಎಡವುವುದು ಇಲ್ಲೇ.

ಎನ್ ಆಗಿಯೇ ಕುಳಿತಿದ್ದರೆ ಫಾರ್ವರ್ಡಿಂಗ್ ಸ್ಕ್ರಿಪ್ಟಿನ (ಬಿಬಿಎಸ್ ತಾನಾಗಿ ಕೊಡುವ ಕನೆಕ್ಟ್ ಆದೇಶಗಳ ಪಟ್ಟಿಯ) ಕ್ರಮದಲ್ಲೇ ಕೈಯಾರೆ ಕನೆಕ್ಟ್ ಮಾಡಿ. ಕನೆಕ್ಟ್ ಆಯಿತೇ? ಹಾಗಾದರೆ ರೇಡಿಯೊ ಬಿಟ್ಟು ವಿಳಾಸ ನೋಡಿ. ಬಿಬಿಎಸ್‌ನ ಕರೆಸಂಕೇತ, ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಪ್ರದೇಶ, ದೇಶ, ಖಂಡ, ನಡುವೆ ಚುಕ್ಕೆ: ಇದು ವಿಳಾಸದ ಕ್ರಮ. ಏಷ್ಯಾವನ್ನು ಒಬ್ಬರು 2 ಅಕ್ಷರದಲ್ಲಿ, ಇನ್ನೊಬ್ಬರು 4 ಅಕ್ಷರದಲ್ಲಿ ಬರೆದಿದ್ದರೆ ನಿಯಮ ತಾಳೆಯಾಗದೆ ಪತ್ರ ಸುಮ್ಮನೆ ಕೂತಿರುತ್ತದೆ.

ಕನೆಕ್ಟ್ ಆಗದಿದ್ದರೆ ಉತ್ತರ ಗಮನಿಸಿ. ಡಿಎಂ ಎಂಬ ನಿರಾಕರಣೆಯ ಪ್ಯಾಕೆಟ್ ಬಂದರೆ ಆಚೆ ಕಡೆಗೆ ಕೇಳಿಸಿದೆ, ಒಪ್ಪಲಿಲ್ಲ. ಏನೂ ಬರದಿದ್ದರೆ ನೋಡ್ ಪಟ್ಟಿ, ಅಂದರೆ ನಿಮ್ಮ ನೋಡ್‌ಗೆ ಗೊತ್ತಿರುವ ನೋಡ್‌ಗಳ ಮತ್ತು ದಾರಿಗಳ ಪಟ್ಟಿ, ತೆರೆಯಬೇಕು.

ದಾರಿ ಎಷ್ಟು ಒಳ್ಳೆಯದು ಎಂದು ಹೇಳುವ ಪಟ್ಟಿಯ ಗುಣಾಂಕ 0ಯಿಂದ 255. ಖಂಡಾಳವು ಕೋಥ್ರೂಡಿಗೆ 192 ಎಂದು ಸಾರಿದರೆ ಡೊಂಬಿವಲಿ ಅದನ್ನು ಖಂಡಾಳದೊಂದಿಗಿನ ತನ್ನ ಕೊಂಡಿಯ 192ರಿಂದ ಗುಣಿಸಿ, 128 ಕೂಡಿಸಿ, 256ರಿಂದ ಭಾಗಿಸಿ 144 ಎಂದು ಬರೆದುಕೊಳ್ಳುತ್ತದೆ. ಒಂದು ನೋಡ್‌ನಿಂದ ಮುಂದಿನದಕ್ಕೆ ಒಂದು ಜಿಗಿತ ಎಂದುಕೊಂಡರೆ, ಇದು ಎರಡನೆಯದು; ಮೂರನೇ ಜಿಗಿತಕ್ಕೆ 108, ನಾಲ್ಕನೆಯದಕ್ಕೆ 81. ಕನಿಷ್ಠ ಗುಣಾಂಕ 100 ಎಂದಿಟ್ಟವರಿಗೆ ನಾಲ್ಕು ಜಿಗಿತದಾಚೆಯ ನೋಡ್ ಕಾಣುವುದೇ ಇಲ್ಲ. ಅಲ್ಲಿ ಏನೂ ಕೆಟ್ಟಿಲ್ಲ, ಲೆಕ್ಕವೇ ಹಾಗೆ.

ಆ 192 ಯಾರೂ ಅಳೆದದ್ದಲ್ಲ, ಸಿಸಾಪ್ ಬರೆದದ್ದು. ‘ನನಗೆ ಅವನು ಕೇಳಿಸಿದರೆ ಅವನಿಗೂ ನಾನು ಕೇಳಿಸುತ್ತೇನೆ’ ಎಂಬುದು ನೆಟ್‌ರಾಮ್‌ನ ನಂಬಿಕೆ. ಕೊಂಕಣ ಕರಾವಳಿಯಲ್ಲಿ ಈ ನಂಬಿಕೆ ಆಗಾಗ ಕೈಕೊಡುತ್ತದೆ. ಸಮುದ್ರದ ಮೇಲೆ ಗಾಳಿಯ ಪದರಗಳು ಕೊಳವೆಯಂತಾದಾಗ ವಿಎಚ್‌ಎಫ್ (2 ಮೀಟರ್ ಬ್ಯಾಂಡ್ ಸೇರಿದ ತರಂಗಗಳು) ಬಹುದೂರ ಹರಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ 200 ಮೆಗಾಹರ್ಟ್ಸ್ ರೇಡಾರಿಗೆ ಅರೇಬಿಯಾದ ಕರಾವಳಿಯೇ ಕಂಡಿತ್ತು. ಹಾಗೆ ಒಂದು ರಾತ್ರಿ ಗೋವಾದ ನೋಡ್ ಒಮ್ಮೆ ಕೇಳಿಸಿದರೆ ಸಾಕು, ಡೊಂಬಿವಲಿಯ ಪಟ್ಟಿಗೆ 192ರ ನೇರ ದಾರಿಯಾಗಿ ಸೇರುತ್ತದೆ. ಗೋವಾಕ್ಕೆ ಘಟ್ಟದ ಮೇಲಿಂದ ಮೂರು ಜಿಗಿತದಲ್ಲಿ ಹೋಗುವ 108ರ ದಾರಿ ಹಿಂದಕ್ಕೆ ಸರಿಯುತ್ತದೆ. ಬೆಳಗ್ಗೆ ಕೊಳವೆ ಕರಗಿದರೂ ನಮೂದು ಕರಗದು: ಅದು ಹಳತಾಗಿದೆಯೇ ಎಂದು ಅಳೆಯುವ ಎಣಿಕೆ 6ರಿಂದ ಶುರುವಾಗಿ, 60 ನಿಮಿಷಕ್ಕೊಮ್ಮೆ ನೋಡ್‌ಗಳು ತಮ್ಮ ಪಟ್ಟಿ ಸಾರುವ ಜಾಲದಲ್ಲಿ ಗಂಟೆಗೆ ಒಂದರಂತೆ ಇಳಿದು ಸೊನ್ನೆಯಾಗಬೇಕು. ಅಲ್ಲಿಯವರೆಗೆ ನಿಮ್ಮ ನೋಡ್ ಗೋವಾಕ್ಕೆ ಮೊದಲು ಆ ದಾರಿಯಲ್ಲೇ ಕೂಗುತ್ತದೆ. ಪವರ್ ಏರಿಸುವುದು ಪರಿಹಾರವಲ್ಲ. ಆ ನೆರೆಯ ನೋಡ್‌ನ ಗುಣಾಂಕವನ್ನು 0 ಮಾಡಿ ಲಾಕ್ ಮಾಡಿ.

ಎಫ್ ಆದ ಮೇಲೂ ಪತ್ರ ಕಾಣೆಯಾದರೆ ಸುತ್ತು ಬಿದ್ದಿರಬಹುದು. ಖಂಡಾಳದ ಬಿಬಿಎಸ್ ಡೊಂಬಿವಲಿಯತ್ತ ತೋರಿಸುತ್ತದೆ, ಡೊಂಬಿವಲಿ ಖಂಡಾಳದತ್ತ. ಕೆಲವು ತಂತ್ರಾಂಶಗಳು ಪತ್ರದ ಗುರುತುಸಂಖ್ಯೆ ನೋಡಿ ‘ನನ್ನಲ್ಲಿ ಈಗಾಗಲೇ ಇದೆ’ ಎಂದು ಮೈನಸ್ ಚಿಹ್ನೆ ಕಳಿಸುತ್ತವೆ. ಆಗ ಎರಡೂ ಕಡೆ ಎಫ್ ಬಿದ್ದು ಪತ್ರ ಸದ್ದಿಲ್ಲದೆ ಸಾಯುತ್ತದೆ. ಮತ್ತೆ ಕೆಲವು ಮರಳಿ ತೆಗೆದುಕೊಂಡು ಕುಣಿಸುತ್ತಲೇ ಇರುತ್ತವೆ. ಪತ್ರದ ತಲೆಯಲ್ಲಿ ದಾಟಿದ ಪ್ರತಿ ಬಿಬಿಎಸ್ ಸೇರಿಸುವ ಆರ್ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ, ಮೇಲಿನದು ತೀರಾ ಇತ್ತೀಚಿನದು. ಒಂದೇ ಕರೆಸಂಕೇತ ಎರಡು ಸಲ ಬಂದರೆ ಸುತ್ತು ಖಚಿತ. ಆ ಎರಡರ ನಡುವೆ, ಪತ್ರವನ್ನು ಹಿಂದಕ್ಕೆ ಕಳಿಸಿದ ಬಿಬಿಎಸ್‌ನ ನಿಯಮ ತಿದ್ದಬೇಕು. ಸಾಲಿನ ವೇಳೆ ಯುಟಿಸಿಯಲ್ಲಿರುತ್ತದೆ (ಜಾಗತಿಕ ಪ್ರಮಾಣ ವೇಳೆ), ಭಾರತದ ವೇಳೆಗೆ 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಿ.