ಕಲ್ನಾರಿನ ದೂಳು ಮತ್ತು ಪರಿಹಾರದ ಹಕ್ಕು: ಬ್ರಿಟನ್ನಿನ ಕಾನೂನು ನಡೆದುಬಂದ ದಾರಿ

1922ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಲ್ನಾರು (ಆಸ್ಬೆಸ್ಟಾಸ್) ಗಿರಣಿಯಲ್ಲಿ ದುಡಿಯುತ್ತಿದ್ದ ನೆಲ್ಲಿ ಕರ್ಷಾ ಎಂಬ ಮಹಿಳೆ ಉಸಿರಾಡಲು ಕಷ್ಟವಾಗಿ ಕೆಲಸ ಬಿಡಬೇಕಾಯಿತು. ಊರಿನ ವೈದ್ಯರು ಆಕೆಯ ಪ್ರಮಾಣಪತ್ರದಲ್ಲಿ ಕಲ್ನಾರಿನ ವಿಷಬಾಧೆ ಎಂದು ಬರೆದುಕೊಟ್ಟರು. ನಿಜವನ್ನೇ ಹೇಳುತ್ತಿದ್ದ ಆ ಮಾತು ಆಕೆಯ ಪಾಲಿನ ಎರಡು ಬಾಗಿಲುಗಳನ್ನೂ ಮುಚ್ಚಿತು. ಕಾಯಿಲೆ ಬಿದ್ದವರಿಗೆ ಭತ್ಯೆ ಕೊಡಬೇಕಿದ್ದ ಆರೋಗ್ಯ ವಿಮಾ ವ್ಯವಸ್ಥೆಯು, ಇದು ಕೆಲಸದಿಂದ ಬಂದ ರೋಗವಾದ್ದರಿಂದ ಮಾಲೀಕರೇ ನೋಡಿಕೊಳ್ಳಲಿ ಎಂದಿತು. ಮಾಲೀಕರಾದ ಟರ್ನರ್ ಬ್ರದರ್ಸ್ ಕಂಪನಿಯು, ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಅಂಥ ರೋಗವೇ ಇಲ್ಲವೆಂದು ಹೇಳಿ ಹೊಣೆಯನ್ನು ನಿರಾಕರಿಸಿತು. 1924ರ ಮಾರ್ಚ್ 14ರಂದು ತೀರಿಕೊಂಡಾಗ ಆಕೆಗೆ 33 ವರ್ಷ. ಅಂತ್ಯಕ್ರಿಯೆಯ ಖರ್ಚಿಗೂ ಕಂಪನಿ ಹಣ ಕೊಡಲಿಲ್ಲ. ಗುರುತಿನ ಕಲ್ಲೂ ಇಲ್ಲದ ಸಮಾಧಿಯಲ್ಲಿ ಆಕೆಯನ್ನು ಹೂಳಲಾಯಿತು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ವಿಲಿಯಂ ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕರಣವನ್ನು ಪ್ರಕಟಿಸಿದರು. 1927ರಲ್ಲಿ ಅವರೇ ಈ ರೋಗವನ್ನು ಆಸ್ಬೆಸ್ಟೋಸಿಸ್ ಎಂದು ಕರೆದರು.

ಕಲ್ನಾರಿನ ದೂಳು ಕೊಲ್ಲುತ್ತದೆ ಎಂಬ ಸುಳಿವು ಅಷ್ಟು ಹೊತ್ತಿಗೆ ಸರ್ಕಾರದ ಕಡತಗಳಲ್ಲಿ ಕಾಲು ಶತಮಾನದಿಂದ ಇತ್ತು. ಕಾರ್ಖಾನೆಗಳ ಮಹಿಳಾ ಇನ್ಸ್‌ಪೆಕ್ಟರ್ ಆಗಿದ್ದ ಲೂಸಿ ಡೀನ್, ಈ ದೂಳಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಜಿನ ಚೂರುಗಳಂತೆ ಮೊನಚಾಗಿ ಕಾಣುತ್ತವೆಂದು 1898ರ ವರದಿಯಲ್ಲಿ ದಾಖಲಿಸಿದ್ದರು. ಮರುವರ್ಷ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯ ವೈದ್ಯ ಮಾಂಟೇಗ್ಯು ಮರ್ರಿ ಅವರ ಬಳಿಗೆ, 14 ವರ್ಷ ಕಲ್ನಾರಿನ ಕೆಲಸ ಮಾಡಿದ್ದ ರೋಗಿಯೊಬ್ಬ ಬಂದ. ತನ್ನೊಂದಿಗೆ ಅದೇ ಕೋಣೆಯಲ್ಲಿ ದುಡಿದವರೆಲ್ಲ ಸತ್ತಿದ್ದಾರೆ, ಉಳಿದಿರುವುದು ತಾನೊಬ್ಬನೇ ಎಂದು ಅವನು ಹೇಳಿದ್ದ. ಔದ್ಯೋಗಿಕ ರೋಗಗಳಿಗೂ ಪರಿಹಾರ ಕೊಡುವ ಕಾಯ್ದೆ 1906ರಲ್ಲಿ ಬಂದಾಗ, ಯಾವ ರೋಗಗಳನ್ನು ಪಟ್ಟಿಗೆ ಸೇರಿಸಬೇಕೆಂದು ವಿಚಾರಿಸಿದ ಸಮಿತಿಯ ಮುಂದೆ ಮರ್ರಿ ಈ ಸಂಗತಿಯನ್ನು ಸಾಕ್ಷಿಯಾಗಿ ಹೇಳಿದರು. ಆದರೂ ಕಲ್ನಾರು ಪಟ್ಟಿಗೆ ಸೇರಲಿಲ್ಲ. ಅಂದು ಆ ಒಂದು ಸಾಲು ಸೇರಿದ್ದರೆ ರಾಚ್‌ಡೇಲಿನ ಆ ಮಹಿಳೆಗೆ ಇಲ್ಲವೆನ್ನಲು ಕಂಪನಿಗೆ ಕಾರಣವೇ ಇರುತ್ತಿರಲಿಲ್ಲ.

ಪಟ್ಟಿ ಬದಲಾದದ್ದು 1931ರಲ್ಲಿ. ಅದಕ್ಕೆ ಆಧಾರವಾದದ್ದು ಸರ್ಕಾರದ ವೈದ್ಯಾಧಿಕಾರಿ ಮೆರೆವೆದರ್ ಮತ್ತು ಎಂಜಿನಿಯರ್ ಪ್ರೈಸ್ 1930ರಲ್ಲಿ ಒಪ್ಪಿಸಿದ ವರದಿ. ಅವರು ಪರೀಕ್ಷಿಸಿದ 363 ಕಾರ್ಮಿಕರಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಮಂದಿಯ ಶ್ವಾಸಕೋಶ ಗಾಯಗಟ್ಟಿ ಗಡುಸಾಗಿತ್ತು, ಮತ್ತು ಸೇವೆಯ ವರ್ಷಗಳು ಹೆಚ್ಚಿದಂತೆ ಆ ಪ್ರಮಾಣವೂ ಏರುತ್ತಿತ್ತು. ಹೀಗೆ ದೂಳು ನಿಯಂತ್ರಣದ ನಿಯಮಗಳ ಜೊತೆಗೆ ಆಸ್ಬೆಸ್ಟೋಸಿಸ್‌ಗೆ ಪರಿಹಾರದ ಯೋಜನೆಯೂ ಜಾರಿಗೆ ಬಂತು. ಆದರೆ ಯೋಜನೆಯು ಕಾರ್ಖಾನೆಯೊಳಗಿನ ಕೆಲವು ಗೊತ್ತಾದ ಕೆಲಸಗಳಿಗೆ ಮಾತ್ರ ಸೀಮಿತವಾಗಿತ್ತು. ಹಡಗುಕಟ್ಟೆಗಳಲ್ಲಿ, ವಿದ್ಯುತ್ ಸ್ಥಾವರಗಳಲ್ಲಿ ಬಿಸಿ ಕೊಳವೆಗಳಿಗೆ ಕಲ್ನಾರನ್ನು ಕಲಸಿ ಮೆತ್ತುತ್ತಿದ್ದವರು ಗಿರಣಿಯವರಷ್ಟೇ ದೂಳು ಕುಡಿಯುತ್ತಿದ್ದರೂ ಪಟ್ಟಿಯ ಹೊರಗೇ ಉಳಿದರು. ಹಕ್ಕು ಕೊಡುವಾಗಲೇ ಅದಕ್ಕೊಂದು ಗೆರೆ ಎಳೆಯುವುದು, ಗೆರೆಯಾಚೆ ನಿಂತವರು ದಶಕಗಳ ಕಾಲ ಹೋರಾಡಿ ಅದನ್ನು ಸ್ವಲ್ಪ ಸರಿಸುವುದು, ಈ ಕ್ರಮ ಮುಂದಿನ ಎಂಬತ್ತು ವರ್ಷಗಳ ಶಾಸನದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಈ ವಿಷಯದಲ್ಲಿ ಕಾನೂನು ಇಷ್ಟು ತಡಕಾಡಿದ್ದಕ್ಕೆ ರೋಗದ ಸ್ವಭಾವವೂ ಒಂದು ಕಾರಣ. ಯಂತ್ರಕ್ಕೆ ಸಿಕ್ಕ ಕೈಯಿಂದ ಅಂದೇ ರಕ್ತ ಸುರಿಯುತ್ತದೆ. ಒಳಗೆ ಸೇರಿದ ಕಲ್ನಾರಿನ ಎಳೆ ಮೂವತ್ತು, ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಸುಮ್ಮನಿರುತ್ತದೆ. ಶ್ವಾಸಕೋಶದ ಹೊರಪದರಕ್ಕೆ ತಗಲುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಇದರಲ್ಲೆಲ್ಲ ಘೋರವಾದದ್ದು. ಅದಕ್ಕೂ ಕಲ್ನಾರಿಗೂ ಇರುವ ನಂಟನ್ನು ದಕ್ಷಿಣ ಆಫ್ರಿಕಾದ ಗಣಿ ಪ್ರದೇಶದ 33 ರೋಗಿಗಳ ಅಧ್ಯಯನವೊಂದು 1960ರಲ್ಲಿ ತೋರಿಸಿಕೊಟ್ಟಿತು. ಕಾರ್ಮಿಕರ ಮನೆಯವರಿಗೂ ಕಾರ್ಖಾನೆಯ ನೆರೆಹೊರೆಯವರಿಗೂ ಅದು ಬರಬಹುದೆಂದು 1965ರಲ್ಲಿ ಲಂಡನ್ನಿನ ಅಧ್ಯಯನ ಹೇಳಿತು. ರೋಗ ಪತ್ತೆಯಾದವರಲ್ಲಿ ಬಹುಪಾಲು ಜನ ಒಂದೆರಡು ವರ್ಷಗಳಲ್ಲೇ ತೀರಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಕೆಲಸ ಕೊಟ್ಟ ಕಂಪನಿ ಮುಚ್ಚಿರುತ್ತದೆ, ವಿಮಾ ಪತ್ರ ಕಳೆದಿರುತ್ತದೆ, ಜೊತೆಗಿದ್ದ ಸಾಕ್ಷಿಗಳು ಇರುವುದಿಲ್ಲ. ಹಾನಿ ಮಾಡಿದವರಿಗೆ ಕಾಲವೇ ರಕ್ಷಣೆಯಾಗಿತ್ತು. ಮುಂದೆ ಬಂದ ಒಂದೊಂದು ಶಾಸನವನ್ನೂ ಆ ರಕ್ಷಣೆಯನ್ನು ಕಿತ್ತುಕೊಳ್ಳುವ ಯತ್ನವೆಂದು ನೋಡಿದರೆ ಈ ಇತಿಹಾಸದ ತಿರುವುಗಳು ಸರಿಯಾಗಿ ಅರ್ಥವಾಗುತ್ತವೆ.

ಮೊದಲು ಎದುರಾದದ್ದು ಕಾಲಮಿತಿಯ ಪ್ರಶ್ನೆ. ದೂಳಿನಿಂದ ಶ್ವಾಸಕೋಶ ಕೆಟ್ಟ ಉಕ್ಕಿನ ಕೆಲಸಗಾರರ ಮೊಕದ್ದಮೆಯೊಂದು 1963ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಾಗ, ದಾವೆ ಹೂಡುವ ಅವಧಿಯು ದೇಹಕ್ಕೆ ಹಾನಿಯಾದ ದಿನದಿಂದಲೇ ಎಣಿಕೆಯಾಗುತ್ತದೆ, ಕಾರ್ಮಿಕನಿಗೆ ಅದು ತಿಳಿದಿರಲಿ ಬಿಡಲಿ ಎಂದು ನ್ಯಾಯಾಧೀಶರು ತೀರ್ಪು ಕೊಡಬೇಕಾಯಿತು. ತನಗೆ ರೋಗವಿದೆಯೆಂದು ಗೊತ್ತಾಗುವ ಮೊದಲೇ ಹಕ್ಕು ಸತ್ತುಹೋಗುವ ಈ ಸ್ಥಿತಿಯನ್ನು ಪಾರ್ಲಿಮೆಂಟು ಅದೇ ವರ್ಷದ ಕಾಯ್ದೆಯಿಂದ ಸರಿಪಡಿಸಿತು. ಈಗಿನ 1980ರ ಕಾಯ್ದೆಯ ಪ್ರಕಾರ ರೋಗದ ಅರಿವಾದ ದಿನದಿಂದ ಮೂರು ವರ್ಷಗಳ ಅವಕಾಶವಿದೆ.

ದಾವೆ ಹೂಡಲು ಎದುರಾಳಿಯೇ ಇಲ್ಲದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ಕಲ್ನಾರಿನ ಕಾರ್ಮಿಕರ ಕಡೆಯಿಂದಲ್ಲ. ಉತ್ತರ ವೇಲ್ಸ್‌ನ ಸ್ಲೇಟು ಕಲ್ಲಿನ ಗಣಿಗಳಲ್ಲಿ ದುಡಿದು ಎದೆಯಲ್ಲಿ ದೂಳು ತುಂಬಿಕೊಂಡಿದ್ದವರಿಗೆ, ಗಣಿಗಳು ಮುಚ್ಚಿಹೋದ್ದರಿಂದ ಕೇಳಲು ಯಾರೂ ಉಳಿದಿರಲಿಲ್ಲ. ಅವರ ಪರವಾಗಿ ವೇಲ್ಸ್‌ನ ಪ್ಲೈಡ್ ಕಮ್ರಿ ಪಕ್ಷ ಒತ್ತಾಯಿಸುತ್ತಿತ್ತು. 1979ರ ಮಾರ್ಚ್ 28ರಂದು ಪ್ರಧಾನಿ ಕ್ಯಾಲಹನ್ ಅವರ ಸರ್ಕಾರ ಅವಿಶ್ವಾಸ ನಿರ್ಣಯವನ್ನು ಎದುರಿಸಿದಾಗ ಆ ಪಕ್ಷದ ಮೂವರು ಸದಸ್ಯರು, ಗಣಿಗಾರರಿಗೆ ಪರಿಹಾರದ ಕಾಯ್ದೆ ತರುವ ಭರವಸೆ ಪಡೆದು ಸರ್ಕಾರದ ಪರ ಮತ ಹಾಕಿದರು. ಸರ್ಕಾರ 310ಕ್ಕೆ 311ರಂತೆ ಒಂದೇ ಮತದಿಂದ ಬಿದ್ದಿತು; ಕೊಟ್ಟ ಮಾತು ಮಾತ್ರ ಉಳಿಯಿತು, ಪಾರ್ಲಿಮೆಂಟು ವಿಸರ್ಜನೆಯಾಗುವ ಮೊದಲೇ ಏಪ್ರಿಲ್‌ನಲ್ಲಿ ಕಾಯ್ದೆ ಅಂಗೀಕಾರವಾಯಿತು. ನ್ಯೂಮೊಕೊನಿಯೋಸಿಸ್ (ದೂಳಿನಿಂದ ಬರುವ ಶ್ವಾಸಕೋಶದ ರೋಗ) ಮುಂತಾದ ರೋಗಗಳ ಹೆಸರಿನ ಈ ಕಾಯ್ದೆಯ ವ್ಯಾಪ್ತಿಗೆ ಆಸ್ಬೆಸ್ಟೋಸಿಸ್, ಮೆಸೊಥೆಲಿಯೋಮಾಗಳೂ ಬಂದವು. ಮಾಲೀಕರ ವ್ಯವಹಾರ ನಿಂತುಹೋಗಿದ್ದರೆ ಸರ್ಕಾರವೇ ರೋಗಿಯ ವಯಸ್ಸು ಮತ್ತು ಅಂಗವೈಕಲ್ಯದ ಪ್ರಮಾಣ ನೋಡಿ ಒಂದು ಇಡಿಗಂಟನ್ನು ಕೊಡುತ್ತದೆ. ಸ್ಲೇಟಿನ ಗಣಿಗಾರರಿಗಾಗಿ ಹುಟ್ಟಿದ ಕಾನೂನು ಹಡಗುಕಟ್ಟೆಯ ಸಾವಿರಾರು ಮನೆಗಳಿಗೆ ಆಸರೆಯಾದದ್ದು ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ತಟ್ಟಿದ ಸಂಗತಿ.

ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿ, ಬಿಳಿಯದನ್ನು 1999ರಲ್ಲಿ ಬ್ರಿಟನ್ ನಿಷೇಧಿಸಿತು. ಬಳಕೆ ನಿಂತರೂ ಹಳೆಯ ದೂಳಿನ ಲೆಕ್ಕ ತೀರುವಂತಿರಲಿಲ್ಲ. ಮೆಸೊಥೆಲಿಯೋಮಾ ಒಂದರಿಂದಲೇ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುವ ಕಾಲ ಬಂತು.

ಆಗಲೇ ನ್ಯಾಯಾಲಯಗಳಲ್ಲಿ ತುಂಬ ಕಠಿಣವಾದ ಪ್ರಶ್ನೆಯೊಂದು ಎದ್ದಿತು. ಕಾರ್ಮಿಕನೊಬ್ಬ ಬೇರೆ ಬೇರೆ ಕಾಲದಲ್ಲಿ ಇಬ್ಬರು ಮೂವರು ಮಾಲೀಕರ ಕೆಳಗೆ ದುಡಿದಿದ್ದಾನೆ, ಎಲ್ಲರೂ ನಿರ್ಲಕ್ಷ್ಯದಿಂದ ಅವನಿಗೆ ಕಲ್ನಾರಿನ ದೂಳು ಕುಡಿಸಿದ್ದಾರೆ. ಆದರೆ ಯಾರ ಬಳಿ ಒಳಸೇರಿದ ಎಳೆ ಕ್ಯಾನ್ಸರನ್ನು ಹುಟ್ಟಿಸಿತು ಎಂದು ವೈದ್ಯವಿಜ್ಞಾನ ಹೇಳಲಾರದು. ಪ್ರತಿವಾದಿಯ ತಪ್ಪು ಇಲ್ಲದಿದ್ದರೆ ಈ ಹಾನಿಯೇ ಆಗುತ್ತಿರಲಿಲ್ಲ ಎಂದು ವಾದಿಯೇ ಸಾಬೀತುಪಡಿಸಬೇಕೆಂಬುದು ಹಳೆಯ ನಿಯಮ. ಅದನ್ನು ಹಿಡಿದು 2001ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಫೇರ್‌ಚೈಲ್ಡ್ ಪ್ರಕರಣದಲ್ಲಿ ಕುಟುಂಬಗಳ ದಾವೆಯನ್ನು ತಳ್ಳಿಹಾಕಿತು. ಅಂದರೆ ತಪ್ಪು ಮಾಡಿದವನು ಒಬ್ಬನೇ ಇದ್ದರೆ ಹೊಣೆ, ಇಬ್ಬರಿದ್ದರೆ ಇಬ್ಬರೂ ಪಾರು. ಹೌಸ್ ಆಫ್ ಲಾರ್ಡ್ಸ್ 2002ರಲ್ಲಿ ಈ ತೀರ್ಪನ್ನು ಬದಲಿಸಿತು. ರೋಗದ ಅಪಾಯವನ್ನು ಗಣನೀಯವಾಗಿ ಹೆಚ್ಚಿಸಿದ್ದೇ ಹೊಣೆಗೆ ಸಾಕು ಎಂದಿತು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಪೀಠವು ಕೊಟ್ಟದ್ದರಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಿತು. 2006ರ ಮೇ 3ರ ಬಾರ್ಕರ್ ತೀರ್ಪಿನ ಪ್ರಕಾರ ಒಬ್ಬೊಬ್ಬ ಮಾಲೀಕನೂ ತನ್ನ ಪಾಲಿನ ಅಪಾಯಕ್ಕೆ ತಕ್ಕಷ್ಟು ಕೊಟ್ಟರೆ ಸಾಕಾಗಿತ್ತು. ಕೇಳಲು ನ್ಯಾಯವೆನಿಸುವ ಈ ಲೆಕ್ಕದ ಪರಿಣಾಮ ಹೀಗಿತ್ತು: ನಾಲ್ವರು ಸಮಪಾಲು ಮಾಲೀಕರಲ್ಲಿ ಮೂವರು ದಿವಾಳಿಯಾಗಿದ್ದರೆ ವಿಧವೆಗೆ ಸಿಗುವುದು ಪರಿಹಾರದ ಕಾಲು ಭಾಗ, ಉಳಿದ ಮುಕ್ಕಾಲಿನ ನಷ್ಟವನ್ನು ಯಾವ ತಪ್ಪನ್ನೂ ಮಾಡದ ಆಕೆಯೇ ಹೊರಬೇಕು. ಕಾರ್ಮಿಕ ಸಂಘಗಳೂ ಸಂತ್ರಸ್ತರ ಗುಂಪುಗಳೂ ಕೂಡಲೇ ಎದ್ದು ನಿಂತವು. ಮೂರು ತಿಂಗಳು ತುಂಬುವ ಮೊದಲೇ, ಜುಲೈ 25ರಂದು, ಪರಿಹಾರ ಕಾಯ್ದೆ ಜಾರಿಯಾಯಿತು. ಅದರ 3ನೇ ಸೆಕ್ಷನ್ ಮೆಸೊಥೆಲಿಯೋಮಾ ದಾವೆಗಳಲ್ಲಿ ಹೊಣೆಗಾರರಲ್ಲಿ ಯಾರೊಬ್ಬರನ್ನು ಕೇಳಿದರೂ ಪೂರ್ತಿ ಮೊತ್ತ ಕೊಡಬೇಕು, ಆಮೇಲೆ ಅವರು ಉಳಿದವರಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ನ್ಯಾಯಾಲಯದ ತೀರ್ಪಿಗೆ ಪಾರ್ಲಿಮೆಂಟು ಇಷ್ಟು ಬೇಗ ಉತ್ತರ ಕೊಟ್ಟದ್ದು ಅಪರೂಪ. ರಾಚ್‌ಡೇಲಿನ ಸಾವಿನಿಂದ ಪಟ್ಟಿಯ ತಿದ್ದುಪಡಿಗೆ ಏಳು ವರ್ಷ ಹಿಡಿದಿತ್ತು. ಮನಸ್ಸಿದ್ದರೆ ಹನ್ನೆರಡು ವಾರ ಸಾಕು.

ಮುಂದಿನ ವಿವಾದ ಶ್ವಾಸಕೋಶದ ಹೊರಪದರದ ಮೇಲೆ ಕಟ್ಟುವ ಗಡುಸಾದ ತೇಪೆಗಳದ್ದು. ಅವು ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಆದರೆ ಕಲ್ನಾರು ಒಳಹೊಕ್ಕಿದೆ ಎಂಬುದಕ್ಕೆ ಗುರುತು. ಸುಮಾರು ಎರಡು ದಶಕ ಪರಿಹಾರ ಸಿಗುತ್ತಿದ್ದ ಇವನ್ನು ಹೌಸ್ ಆಫ್ ಲಾರ್ಡ್ಸ್ 2007ರ ಅಕ್ಟೋಬರ್‌ನಲ್ಲಿ ಹಾನಿಯೆಂದು ಒಪ್ಪಲಿಲ್ಲ. ಹಡಗುಕಟ್ಟೆಗಳ ನಾಡಾದ ಸ್ಕಾಟ್ಲೆಂಡ್ 2009ರಲ್ಲಿ ತನ್ನದೇ ಕಾಯ್ದೆ ತಂದು ಇದೂ ಪರಿಹಾರಕ್ಕೆ ಅರ್ಹವಾದ ಹಾನಿಯೆಂದು ಘೋಷಿಸಿತು; ವಿಮಾ ಕಂಪನಿಗಳು ಪ್ರಶ್ನಿಸಿದಾಗ, ಹೌಸ್ ಆಫ್ ಲಾರ್ಡ್ಸ್ ಸ್ಥಾನಕ್ಕೆ ಬಂದಿದ್ದ ಸುಪ್ರೀಂ ಕೋರ್ಟು 2011ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಉತ್ತರ ಐರ್ಲೆಂಡೂ ಅದೇ ದಾರಿ ಹಿಡಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾತ್ರ, ತೀರ್ಪಿಗೆ ಮೊದಲೇ ದಾವೆ ಆರಂಭಿಸಿದ್ದವರಿಗೆ 5,000 ಪೌಂಡ್ ಕೊಟ್ಟು ಸರ್ಕಾರ ವಿಷಯವನ್ನು ಮುಗಿಸಿತು. ಎದೆಯ ಎಕ್ಸ್‌ರೇಯಲ್ಲಿ ಆ ನೆರಳನ್ನು ಕಂಡವನಿಗೆ ಮುಂದೇನಾಗುವುದೋ ಎಂಬ ಭಯ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಒಂದೇ. ಹಕ್ಕು ಗಡಿಯೊಂದರ ಮೇಲೆ ನಿಲ್ಲುವುದನ್ನು ಸಮರ್ಥಿಸುವುದು ನನಗೆ ಸಾಧ್ಯವಾಗುತ್ತಿಲ್ಲ.

2008ರಲ್ಲಿ ಬಂದ ಇನ್ನೊಂದು ಯೋಜನೆ, ಕಾರ್ಖಾನೆಯ ಮೆಟ್ಟಿಲು ಹತ್ತದೆಯೂ ಮೆಸೊಥೆಲಿಯೋಮಾಕ್ಕೆ ತುತ್ತಾದವರಿಗೆ, ಗಂಡನ ದೂಳಿನ ಬಟ್ಟೆ ಒಗೆದ ಹೆಂಡತಿಯರಿಗೂ ಸ್ವಂತ ಕಸುಬಿನವರಿಗೂ, ಸರ್ಕಾರದಿಂದ ಇಡಿಗಂಟು ಸಿಗುವಂತೆ ಮಾಡಿತು. ಅತ್ತ ವಿಮಾ ಕಂಪನಿಗಳು, ತಮ್ಮ ಪಾಲಿಸಿಯ ಅವಧಿಯಲ್ಲಿ ದೂಳು ಒಳಸೇರಿರಬಹುದು, ಆದರೆ ರೋಗ ಹುಟ್ಟಿದ್ದು ಆಮೇಲೆ ಎಂದು ವಾದಿಸುತ್ತಿದ್ದವು. 2012ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪದೆ, ಕಾರ್ಮಿಕ ದೂಳಿಗೆ ಒಡ್ಡಿಕೊಂಡ ಕಾಲದ ವಿಮೆಯೇ ಹೊಣೆ ಹೊರಬೇಕೆಂದಿತು.

ಆ ವಿಮಾ ಪತ್ರವೇ ಸಿಗದವರು ಉಳಿದರು. ಮಾಲೀಕರಿಗೆ ವಿಮೆಯನ್ನು ಕಡ್ಡಾಯ ಮಾಡಿದ 1969ರ ಕಾಯ್ದೆ 1972ರಲ್ಲಿ ಜಾರಿಯಾಗಿತ್ತು. ಅದಕ್ಕೆ ಹಿಂದಿನ ದಾಖಲೆಗಳನ್ನು ಅನೇಕ ಕಡೆ ಯಾರೂ ಕಾಪಾಡಿರಲಿಲ್ಲ. 2014ರ ಜನವರಿಯ ಮೆಸೊಥೆಲಿಯೋಮಾ ಕಾಯ್ದೆ ಈ ಕೊರತೆಗೆ ಇಡೀ ವಿಮಾ ಉದ್ಯಮವನ್ನೇ ಹೊಣೆ ಮಾಡಿತು: ಮಾಲೀಕರ ವಿಮೆ ಮಾರುವ ಕಂಪನಿಗಳಿಂದ ಸುಂಕ ಎತ್ತಿ, ಮಾಲೀಕನೂ ವಿಮೆದಾರನೂ ಪತ್ತೆಯಾಗದ ರೋಗಿಗೆ ಅದರಿಂದ ಹಣ ಕೊಡಲಾಗುತ್ತದೆ. ಮೊದಲು ಸರಾಸರಿ ಪರಿಹಾರದ ಶೇ 80ರಷ್ಟಿದ್ದ ಈ ಮೊತ್ತ, 2015ರ ಫೆಬ್ರವರಿ 10ರಿಂದ ಈಚೆಗೆ ರೋಗ ಪತ್ತೆಯಾದವರಿಗೆ ಪೂರ್ತಿಯಾಯಿತು. ಇಲ್ಲಿಯೂ ಗೆರೆ ಇದೆ. ಯೋಜನೆ ಘೋಷಣೆಯಾದ 2012ರ ಜುಲೈ 25ಕ್ಕಿಂತ ಒಂದು ದಿನ ಮೊದಲು ರೋಗ ಪತ್ತೆಯಾದವರೂ ಅರ್ಜಿ ಹಾಕುವಂತಿಲ್ಲ. ಮೆಸೊಥೆಲಿಯೋಮಾ ಅಲ್ಲದ ಕಲ್ನಾರು ರೋಗಗಳು ಇದರ ವ್ಯಾಪ್ತಿಗೆ ಬರುವುದೇ ಇಲ್ಲ. 1924ರಲ್ಲಿ ರಾಚ್‌ಡೇಲಿನಲ್ಲಿ ಕೊಂದ ರೋಗವೇ ಇಂದು ಒಬ್ಬರಿಗೆ ಬಂದು, ಅವರ ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಪತ್ತೆಯಾಗದಿದ್ದರೆ, ಅವರು 1979ರ ಕಾಯ್ದೆಯ ಇಡಿಗಂಟಿಗೇ ಅರ್ಜಿ ಹಾಕಬೇಕು.