ಒಂದೇ ಹೆಸರಿನ ನಾಲ್ಕು ಏಡಿಗಳು

ನಮ್ಮ ಕರಾವಳಿಯ ಅಳಿವೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಕೆಸರಿನಲ್ಲಿ ಸಿಗುವ ದೊಡ್ಡ ಕೆಸರೇಡಿಯನ್ನು ಹಿಡಿಯುವವರು ಅದರಲ್ಲಿ ಎರಡು ಬಗೆಯಿದೆ ಎಂದು ಮೊದಲಿನಿಂದಲೂ ಬಲ್ಲರು. ಒಂದು ಹಸಿರು ಛಾಯೆಯದು; ಎರಡು ಕಿಲೋ ಮೀರಿಯೂ ಬೆಳೆಯುತ್ತದೆ. ಇನ್ನೊಂದು ಕಂದು ಬಣ್ಣದ್ದು. ಗಾತ್ರದಲ್ಲಿ ಚಿಕ್ಕದು, ಇಕ್ಕಳಗಾಲುಗಳಲ್ಲಿ ಕೆಂಪು ಛಾಯೆ ಎದ್ದು ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವ ವ್ಯತ್ಯಾಸವನ್ನು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ಒಪ್ಪಿದ ಮೇಲೂ ಭಾರತದಲ್ಲಿ ಯಾವ ಏಡಿಗೆ ಯಾವ ಹೆಸರು ಎಂಬುದು ಅದಲುಬದಲಾಗಿಯೇ ಉಳಿಯಿತು.

ಈ ಗೊಂದಲದ ಬೇರು 18ನೇ ಶತಮಾನದಲ್ಲಿದೆ. 1761ರಲ್ಲಿ ಡೆನ್ಮಾರ್ಕಿನ ದೊರೆ ಅರೇಬಿಯಾಕ್ಕೆ ಒಂದು ಅನ್ವೇಷಣಾ ತಂಡವನ್ನು ಕಳುಹಿಸಿದ. ಅದರಲ್ಲಿ, ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್ಕೋಲ್ ಇದ್ದ. ಕೆಂಪು ಸಮುದ್ರದ ದಡದಲ್ಲಿ ಅವನು ಮೀನು, ಹವಳ, ಏಡಿ ಎಲ್ಲವನ್ನೂ ಸಂಗ್ರಹಿಸಿ ಬರೆದಿಟ್ಟ. 1763ರಲ್ಲಿ ಯೆಮೆನ್‌ನಲ್ಲಿ ಮಲೇರಿಯಾಕ್ಕೆ ಬಲಿಯಾದಾಗ ಅವನಿಗಿನ್ನೂ ಮೂವತ್ತರ ಆಸುಪಾಸಿನ ವಯಸ್ಸು. ತಂಡದಲ್ಲಿ ಜೀವಂತವಾಗಿ ಮರಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಅವನು 1775ರಲ್ಲಿ ಅಚ್ಚು ಹಾಕಿಸಿದ. ಅಂಚಿನಲ್ಲಿ ಗರಗಸದಂತಹ ಹಲ್ಲುಗಳಿರುವ ಒಂದು ಏಡಿಯ ಚಿಕ್ಕ ವಿವರಣೆ ಅದರಲ್ಲಿತ್ತು. ಇಂದು ಸ್ಕಿಲ್ಲಾ ಸೆರ್ರಾಟಾ ಎಂದು ಕರೆಯುವ ಏಡಿ ಅದು.

ಆ ಕಾಲದ ವಿವರಣೆಗಳು ಎರಡು ಮೂರು ಸಾಲಿನವು. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಸಿಗುವ ಯಾವ ಕೆಸರೇಡಿಯನ್ನೂ ಆ ಸಾಲುಗಳೊಳಗೆ ಸೇರಿಸಬಹುದಿತ್ತು. ಕೆಲವರು ಭೇದವನ್ನು ಗುರುತಿಸಲು ಪ್ರಯತ್ನಿಸಿದರು. 1949ರಲ್ಲಿ ಫಿಲಿಪ್ಪೀನ್ಸ್‌ನ ಎಸ್ಟಾಂಪಡೋರ್, ತನ್ನ ದೇಶದ ಮೀನುಗಾರರು ಮಾಡುತ್ತಿದ್ದ ವಿಂಗಡಣೆಯನ್ನೂ ಗಮನಕ್ಕೆ ತೆಗೆದುಕೊಂಡು, ಕೆಸರೇಡಿಗಳನ್ನು ಮೂರು ಪ್ರಭೇದ ಮತ್ತು ಒಂದು ಉಪಬಗೆಯಾಗಿ ವಿಂಗಡಿಸಿದ. 1960ರಲ್ಲಿ ಆಸ್ಟ್ರೇಲಿಯಾದ ಸ್ಟೀಫನ್‌ಸನ್ ಮತ್ತು ಕ್ಯಾಂಪ್‌ಬೆಲ್ ಇದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಎಲ್ಲವನ್ನೂ ಮತ್ತೆ ಒಂದೇ ಹೆಸರಿನಡಿ ಸೇರಿಸಿದರು. ಅವರ ಎಚ್ಚರಿಕೆಯಲ್ಲಿ ತಪ್ಪೇನಿರಲಿಲ್ಲ. ಏಡಿಯ ಬಣ್ಣ ನೀರಿನೊಂದಿಗೆ, ಕೆಸರಿನೊಂದಿಗೆ, ಪೊರೆ ಕಳಚಿದ ದಿನದೊಂದಿಗೆ ಬದಲಾಗುತ್ತದೆ. ಮದ್ಯಸಾರದಲ್ಲಿ ಮುಳುಗಿಸಿಟ್ಟ ಮಾದರಿಯಲ್ಲಂತೂ ಬಣ್ಣವೇ ಉಳಿಯುವುದಿಲ್ಲ. ಆದರೆ ಬಣ್ಣವನ್ನು ನಂಬಲಾಗದು ಎಂದುಕೊಂಡು, ಜೀವಂತ ಏಡಿಯನ್ನು ದಿನವೂ ಕೈಯಲ್ಲಿ ಹಿಡಿಯುವವರ ಮಾತನ್ನೂ ಬದಿಗಿಟ್ಟದ್ದು ದುಬಾರಿಯಾಯಿತು.

ಕೊನೆಗೆ 1998ರಲ್ಲಿ ಕೀನನ್, ಡೇವಿ ಮತ್ತು ಮಾನ್ ಈ ಗಂಟನ್ನು ಬಿಡಿಸಿದರು. ಅವರು ಫೋರ್ಸ್ಕೋಲ್ ಓಡಾಡಿದ ಕೆಂಪು ಸಮುದ್ರದಿಂದಲೇ ಮಾದರಿಗಳನ್ನು ತರಿಸಿಕೊಂಡರು. ಇಂಡೋ-ಪೆಸಿಫಿಕ್‌ನ ಉದ್ದಗಲದ ಏಡಿಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರು. ಪ್ರೋಟೀನ್‌ಗಳನ್ನು ಹೋಲಿಸಿದರು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಎರಡು ಜೀನ್‌ಗಳನ್ನು ಓದಿದರು, ಜೊತೆಗೆ ಚಿಪ್ಪಿನ ಮುಳ್ಳುಗಳನ್ನು ಅಳೆದರು. ಮೂರೂ ದಾರಿಗಳು ಒಂದೇ ಕಡೆಗೆ ಬಂದು ಸೇರಿದವು: ಸೆರ್ರಾಟಾ, ಟ್ರಾಂಕ್ವೆಬಾರಿಕಾ, ಒಲಿವೇಸಿಯಾ, ಪಾರಾಮಾಮೊಸೈನ್ ಎಂಬ ನಾಲ್ಕು ಪ್ರಭೇದಗಳು. ಎಸ್ಟಾಂಪಡೋರ್ ಕೊಟ್ಟಿದ್ದ ಒಂದು ಹೆಸರು ಹೀಗೆ ಅರ್ಧ ಶತಮಾನದ ಬಳಿಕ ಪೂರ್ಣ ಪ್ರಭೇದದ ಸ್ಥಾನ ಪಡೆಯಿತು.

ಭಾರತದಲ್ಲಿ ಆಗಿದ್ದದ್ದು ಇದು. ನಮ್ಮ ಹಸಿರು ಕೆಸರೇಡಿಯನ್ನು ಬಹುಕಾಲ ಟ್ರಾಂಕ್ವೆಬಾರಿಕಾ ಎಂದೂ, ಕಂದು ಕೆಸರೇಡಿಯನ್ನು ಸೆರ್ರಾಟಾ ಎಂದೂ ಬರೆಯಲಾಗುತ್ತಿತ್ತು. 2014ರ ಸುಮಾರಿಗೆ ಪ್ರಕಟವಾದ ಡಿಎನ್‌ಎ ಅಧ್ಯಯನಗಳು, ಹಸಿರು ಏಡಿಯೇ ನಿಜವಾದ ಸೆರ್ರಾಟಾ, ಕಂದು ಏಡಿ ಒಲಿವೇಸಿಯಾ ಎಂದು ತೋರಿಸಿದವು. ಅಂದರೆ ಅದಕ್ಕೂ ಹಿಂದಿನ ಹಲವು ಭಾರತೀಯ ಬರಹಗಳಲ್ಲಿ ‘ಸೆರ್ರಾಟಾ’ ಎಷ್ಟು ಗಾತ್ರಕ್ಕೆ ಪ್ರೌಢವಾಗುತ್ತದೆ, ಎಷ್ಟು ಉಪ್ಪಿನ ನೀರನ್ನು ತಾಳುತ್ತದೆ ಎಂದು ಇರುವ ಅಂಕಿಗಳು ಬೇರೆ ಪ್ರಾಣಿಯವು. ಒಲಿವೇಸಿಯಾ ಚಿಕ್ಕ ಗಾತ್ರದಲ್ಲೇ ಮೊಟ್ಟೆಯಿಡಲು ಸಿದ್ಧವಾಗುತ್ತದೆ, ಕಾಂಡ್ಲಾ ಗಿಡಗಳ ನಡುವೆ ಬಿಲ ತೋಡಿಕೊಂಡು ಇರಲು ಇಷ್ಟಪಡುತ್ತದೆ, ಉಪ್ಪು ಕಡಿಮೆಯಿರುವ ನೀರಿಗೆ ಒಗ್ಗುತ್ತದೆ. ಸೆರ್ರಾಟಾ ಸಮುದ್ರದ ಉಪ್ಪುನೀರು ಹೆಚ್ಚು ಕಾಲ ನಿಲ್ಲುವ ಜಾಗಗಳದ್ದು. ಯಾವ ಗಾತ್ರಕ್ಕಿಂತ ಚಿಕ್ಕ ಏಡಿಯನ್ನು ಹಿಡಿಯಬಾರದು, ಯಾವ ಮರಿಯನ್ನು ತಂದು ಕೊಳದಲ್ಲಿ ಬಿಡಬೇಕು ಎಂಬುದೆಲ್ಲ ಈ ಅಂಕಿಗಳ ಮೇಲೆ ನಿಂತಿದೆ. ಹೆಸರು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಅದರ ನಷ್ಟ ಬಲೆ ಹಿಡಿದವನ ಮನೆಗೆ ಬರುತ್ತದೆ.

ಈ ಎರಡನ್ನು ಬೇರ್ಪಡಿಸಲು ಪ್ರಯೋಗಾಲಯ ಬೇಕಿಲ್ಲ. ಇಕ್ಕಳಗಾಲಿನ ಮಣಿಕಟ್ಟಿನ ಗಂಟನ್ನು ಹೊರಬದಿಯಿಂದ ನೋಡಬೇಕು. ಅಲ್ಲಿ ಎರಡು ಚೂಪು ಮುಳ್ಳುಗಳು ಎದ್ದಿದ್ದರೆ ಅದು ಸೆರ್ರಾಟಾ. ಮುಳ್ಳುಗಳು ಸವೆದಂತೆ, ಬರಿಯ ಉಬ್ಬಿನಂತೆ ಇದ್ದರೆ ಒಲಿವೇಸಿಯಾ. ಕಣ್ಣುಗಳ ನಡುವಿನ ಹಲ್ಲುಗಳೂ ಮೊದಲನೆಯದರಲ್ಲಿ ಎತ್ತರ, ಎರಡನೆಯದರಲ್ಲಿ ಗಿಡ್ಡ ಮತ್ತು ದುಂಡು. ಸೆರ್ರಾಟಾದ ಎಲ್ಲ ಕಾಲುಗಳ ಮೇಲೂ ಜಾಲದಂತಹ ಬಹುಭುಜಗಳ ಚಿತ್ತಾರವಿರುತ್ತದೆ. ಒಲಿವೇಸಿಯಾದಲ್ಲಿ ಅದು ಇರುವುದಿಲ್ಲ.

ಎಲ್ಲ ಏಡಿಗಳೂ ಇಷ್ಟು ಸುಲಭವಾಗಿ ಗುಟ್ಟು ಬಿಟ್ಟುಕೊಡುವುದಿಲ್ಲ. ಹಲವು ಕುಲಗಳಲ್ಲಿ ಗಂಡು ಏಡಿಯ ಹೊಟ್ಟೆಯ ಮಡಿಕೆಯನ್ನು ಬಿಡಿಸಿ, ಅದರ ಕೆಳಗೆ ಅಡಗಿರುವ ಮೊದಲ ಜೋಡಿ ಉಪಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಿದರಷ್ಟೇ ನಿರ್ಣಯ ಸಾಧ್ಯ. ಕೂಡುವಾಗ ವೀರ್ಯವನ್ನು ದಾಟಿಸುವ ಅಂಗ ಅದು. ಹೊರಗಿನಿಂದ ಒಂದೇ ಥರ ಕಾಣುವ ಪ್ರಭೇದಗಳಲ್ಲೂ ಅದರ ತುದಿಯ ಬಾಗು ಬೇರೆಬೇರೆಯಾಗಿರುತ್ತದೆ. ಹೊಸದೊಂದು ಪ್ರಭೇದ ಎಂದು ಖಚಿತವಾದರೆ ವಿಜ್ಞಾನಿ ಅದನ್ನು ಅಳೆದು, ಚಿತ್ರ ಬರೆದು, ಹತ್ತಿರದ ಸಂಬಂಧಿಗಳಿಗಿಂತ ಹೇಗೆ ಬೇರೆ ಎಂದು ಪ್ರಕಟಿಸುತ್ತಾನೆ. ಒಂದು ಮಾದರಿಯನ್ನು ಮೂಲ ಮಾದರಿ ಎಂದು ಗೊತ್ತುಪಡಿಸಿ ವಸ್ತುಸಂಗ್ರಹಾಲಯದಲ್ಲಿ ಇರಿಸುತ್ತಾನೆ. ನೂರು ವರ್ಷದ ನಂತರ ಅನುಮಾನ ಬಂದವರು ಮರಳಿ ಹೋಗಿ ನೋಡಬೇಕಾದದ್ದು ಆ ಒಂದು ಏಡಿಯನ್ನು.

ಭಾರತದ ಏಡಿಗಳನ್ನು ಹೀಗೆ ಶ್ರದ್ಧೆಯಿಂದ ದಾಖಲಿಸಿದವರಲ್ಲಿ ಮೊದಲು ನೆನಪಾಗುವವನು ಆಲ್ಫ್ರೆಡ್ ಆಲ್ಕಾಕ್. ‘ಇನ್ವೆಸ್ಟಿಗೇಟರ್’ ಎಂಬ ಸರ್ವೇಕ್ಷಣಾ ಹಡಗಿನ ವೈದ್ಯನಾಗಿ ಬಂದು, ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನ ಮುಖ್ಯಸ್ಥನಾದ ಆತ 1895ರಿಂದ 1900ರವರೆಗೆ ಪ್ರಕಟಿಸಿದ ಏಡಿಗಳ ವಿವರಣೆಗಳನ್ನು ಇಂದಿಗೂ ತೆರೆದು ನೋಡಬೇಕಾಗುತ್ತದೆ. ಸ್ವಾತಂತ್ರ್ಯಾನಂತರ ಈ ಕೆಲಸ ನಮ್ಮವರ ಕೈಗೆ ಬಂತು. ಅಲೆ ಹಿಂದೆ ಸರಿಯುತ್ತಲೇ ಮರಳಿನೊಳಗೆ ಹಿಮ್ಮುಖವಾಗಿ ಹೂತುಕೊಳ್ಳುವ, ಮೊಟ್ಟೆಯಾಕಾರದ ಪುಟ್ಟ ಮರಳೇಡಿಯನ್ನು ಕಡಲತೀರದಲ್ಲಿ ಆಡಿದ ಮಕ್ಕಳೆಲ್ಲ ಹಿಡಿದಿರುತ್ತಾರೆ. ಇದರ ಒಂದು ಪ್ರಭೇದದ ಪೂರ್ಣ ಹೆಸರು ಎಮೆರಿಟಾ ಹೋಲ್ತುಯಿಸಿ ಸಂಕೊಳ್ಳಿ, 1965. ಸಂಕೊಳ್ಳಿ ಅದನ್ನು ವಿವರಿಸಿದ ಭಾರತೀಯ ವಿಜ್ಞಾನಿ. ಹೆಸರು ಸಂದದ್ದು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಜೀವಮಾನವೆಲ್ಲ ಏಡಿ ಸಿಗಡಿಗಳನ್ನೇ ಅಭ್ಯಸಿಸಿದ ಲಿಪ್ಕೆ ಹೋಲ್ತುಯಿಸ್‌ಗೆ.

ಕೆಸರೇಡಿಯದ್ದೇ ಕಥೆ ನೀಲಿ ಈಜೇಡಿಯಲ್ಲೂ ನಡೆದಿದೆ. ಲಿನೇಯಸ್ 1758ರಲ್ಲಿ ‘ಪೆಲಾಜಿಕಸ್’ ಎಂದು ಕರೆದ, ಇಂದು ಪೋರ್ಟುನಸ್ ಪೆಲಾಜಿಕಸ್ ಎನ್ನುವ ಹೆಸರಿನಡಿ ನಾಲ್ಕು ಪ್ರಭೇದಗಳಿವೆ ಎಂದು 2010ರಲ್ಲಿ ಲೈ, ಎನ್‌ಜಿ ಮತ್ತು ಡೇವಿ ತೋರಿಸಿದರು. ಪೆಲಾಜಿಕಸ್ ಪೂರ್ವ ಮತ್ತು ಆಗ್ನೇಯ ಏಷ್ಯಾದ್ದು, ಆರ್ಮಾಟಸ್ ಆಸ್ಟ್ರೇಲಿಯಾದ್ದು, ರೆಟಿಕ್ಯುಲೇಟಸ್ ಬಂಗಾಳ ಕೊಲ್ಲಿಯದ್ದು, ಸೆಗ್ನಿಸ್ ಪಶ್ಚಿಮ ಹಿಂದೂ ಮಹಾಸಾಗರದ್ದು. ಈ ಸೆಗ್ನಿಸ್ 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಮೂಲಕ ಮೆಡಿಟರೇನಿಯನ್ ಸೇರಿತು. ಕಳೆದ ದಶಕದಲ್ಲಿ ಟ್ಯುನೀಶಿಯಾದ ಕರಾವಳಿಯಲ್ಲಿ ಅದು ವಿಪರೀತ ಹೆಚ್ಚಿ, ಬಲೆ ಹರಿದು, ಹಿಡಿದ ಮೀನನ್ನೆಲ್ಲ ಹಾಳುಮಾಡಿದಾಗ ಮೀನುಗಾರರು ಉಗ್ರ ಸಂಘಟನೆಯೊಂದರ ಹೆಸರಿನಿಂದಲೇ ಅದನ್ನು ಕರೆದರು. ಈಗ ಅದೇ ಏಡಿಯನ್ನು ಹಿಡಿದು ರಫ್ತು ಮಾಡುತ್ತಾರೆ. ಹೀಗೆ ನುಗ್ಗಿದ ಪ್ರಾಣಿ ಎಲ್ಲಿಂದ ಬಂತು, ಯಾವ ಉಷ್ಣತೆಗೆ ಒಗ್ಗಿದೆ ಎಂದು ತಿಳಿಯಲು ಅದು ನಾಲ್ಕರಲ್ಲಿ ಯಾವುದು ಎಂಬುದು ಮೊದಲು ಗೊತ್ತಾಗಬೇಕು.

ಇಲ್ಲಿಯವರೆಗೆ ಹೇಳಿದ್ದು ಹಲವು ಪ್ರಾಣಿಗಳಿಗೆ ಒಂದೇ ಹೆಸರು ಬಿದ್ದ ಕಥೆ. ಏಡಿ, ಸಿಗಡಿಗಳು ಸೇರಿದ ಕಠಿಣಚರ್ಮಿಗಳ ಬಳಗದಲ್ಲಿ ಇದಕ್ಕೆ ತದ್ವಿರುದ್ಧವೂ ಆಗಿದೆ, ಮತ್ತು ನನಗೆ ಅದೇ ಹೆಚ್ಚು ಸೋಜಿಗವೆನಿಸುತ್ತದೆ. ಏಡಿಯ ಮೊಟ್ಟೆಯೊಡೆದು ಬರುವ ಮರಿ ಏಡಿಯಂತೆ ಇರುವುದೇ ಇಲ್ಲ. ನೆತ್ತಿಯ ಮೇಲೊಂದು, ಮೂತಿಯಲ್ಲೊಂದು ಉದ್ದ ಮುಳ್ಳು, ದೇಹಕ್ಕೆ ಹೊಂದದ ದೊಡ್ಡ ಕಣ್ಣು, ಹಿಂದೆ ಸಣಕಲು ಬಾಲ. ನೀರಿನಲ್ಲಿ ತೇಲುತ್ತ ಅದು ಬದುಕುತ್ತದೆ. ಸ್ಕಿಲ್ಲಾ ಸೆರ್ರಾಟಾದ ಮರಿ ಇಂತಹ ಐದು ಹಂತಗಳನ್ನು ದಾಟಿ, ಆಮೇಲೆ ಇನ್ನೊಂದು ರೂಪ ತಳೆದು, ಕೊನೆಗೆ ಏಡಿಯಾಗುತ್ತದೆ. ಸಂಬಂಧ ತಿಳಿಯದ ಕಾಲದಲ್ಲಿ ಮುಳ್ಳಿನ ಮರಿಗೆ ಫ್ರಾನ್ಸಿನ ಬಾಸ್ಕ್ ‘ಜೋಯಿಯಾ’ ಎಂದೂ, ಮುಂದಿನ ರೂಪಕ್ಕೆ ಇಂಗ್ಲೆಂಡಿನ ಲೀಚ್ ‘ಮೆಗಲೋಪಾ’ ಎಂದೂ ಪ್ರತ್ಯೇಕ ಕುಲಗಳನ್ನೇ ಸ್ಥಾಪಿಸಿದ್ದರು.

ಇವು ಏಡಿಯ ಮರಿಗಳೇ ಎಂದು ತೋರಿಸಿದವನು ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಂಪ್ಸನ್. 1820ರ ದಶಕದಲ್ಲಿ ಅವನು ತೆಳ್ಳನೆ ಬಲೆಯಿಂದ ನೀರನ್ನು ಸೋಸಿ, ಸಿಕ್ಕಿದ ಪುಟ್ಟ ಜೀವಿಗಳನ್ನು ಜೀವಂತ ಸಾಕುತ್ತಿದ್ದ. ಮೊಟ್ಟೆ ಹೊತ್ತ ಏಡಿಯನ್ನು ಇಟ್ಟುಕೊಂಡು ಕಾದ. ಮೊಟ್ಟೆಯಿಂದ ಹೊರಬಂದದ್ದು ಜೋಯಿಯಾ. ಕೀಟಶಾಸ್ತ್ರಜ್ಞ ವೆಸ್ಟ್‌ವುಡ್ ಇದನ್ನು 1835ರಲ್ಲಿ ಬಲವಾಗಿ ವಿರೋಧಿಸಿದ. ಸಿಗಡಿಯ ಬಳಗದ, ಸಿಹಿನೀರಿನ ಕ್ರೇಫಿಷ್‌ನ ಮರಿ ಹುಟ್ಟುವಾಗಲೇ ತಾಯಿಯ ರೂಪದಲ್ಲಿರುವುದು ಆಗ ಗೊತ್ತಿತ್ತು, ಹಾಗಾಗಿ ಆ ಸಂಶಯ ಸಹಜವೂ ಆಗಿತ್ತು. ಆದರೆ ಸಮುದ್ರದ ಏಡಿಗಳ ವಿಷಯದಲ್ಲಿ ಥಾಂಪ್ಸನ್ ಹೇಳಿದ್ದೇ ನಿಜವಾಯಿತು.

ಅವನ ಇನ್ನೊಂದು ಶೋಧ ಇದಕ್ಕಿಂತ ದೊಡ್ಡದು. ಬಂಡೆಗೆ, ದೋಣಿಯ ತಳಕ್ಕೆ ಅಂಟಿಕೊಂಡು ಬೆಳೆಯುವ, ಸುಣ್ಣದ ಪುಟ್ಟ ಗೋಪುರದಂತಿರುವ ಬಾರ್ನಕಲ್‌ಗಳನ್ನು ಕೂವಿಯೇನಂತಹ ಮಹಾ ಪಂಡಿತನೂ ಮೃದ್ವಂಗಿಗಳ ಗುಂಪಿಗೆ, ಅಂದರೆ ಮಳಿ, ಬಸವನಹುಳುಗಳ ಜೊತೆಗೆ ಸೇರಿಸಿದ್ದ. ಚಿಪ್ಪು ನೋಡಿದವರಿಗೆ ಬೇರೇನು ತೋಚೀತು? 1826ರಲ್ಲಿ ಥಾಂಪ್ಸನ್ ಗಾಜಿನ ಪಾತ್ರೆಯಲ್ಲಿಟ್ಟಿದ್ದ, ಕಾಲುಗಳಿಂದ ಚುರುಕಾಗಿ ಈಜುತ್ತಿದ್ದ ಪಾರದರ್ಶಕ ಜೀವಿಗಳು ಕೆಲವೇ ದಿನಗಳಲ್ಲಿ ತಳಕ್ಕೆ ಅಂಟಿಕೊಂಡು ಬಾರ್ನಕಲ್‌ಗಳಾದವು. ಬಾರ್ನಕಲ್ ಸಿಗಡಿ, ಏಡಿಗಳ ಬಳಗದ್ದು ಎಂದು ಅವನು 1830ರಲ್ಲಿ ಪ್ರಕಟಿಸಿದ. 1846ರಿಂದ ಎಂಟು ವರ್ಷ ಈ ಜೀವಿಗಳನ್ನೇ ಸೀಳಿ ನೋಡುತ್ತ ಕುಳಿತ ಡಾರ್ವಿನ್ ಕೆಲಸ ಮಾಡಿದ್ದು ಈ ತಳಹದಿಯ ಮೇಲೆ.

ಏಡಿಯ ಹೊಟ್ಟೆಯಡಿ ಹಳದಿ ಚೀಲದಂತೆ ನೇತಾಡುವ ಸ್ಯಾಕ್ಯುಲೈನಾ ಕೂಡ ಬಾರ್ನಕಲ್ ಬಳಗದ್ದೇ. ಬೆಳೆದ ಮೇಲೆ ಅದಕ್ಕೆ ಕಾಲಿಲ್ಲ, ಬಾಯಿಲ್ಲ, ಚಿಪ್ಪಿಲ್ಲ. ಬೇರಿನಂತಹ ಎಳೆಗಳು ಏಡಿಯ ದೇಹವಿಡೀ ಹರಡಿ ಪೋಷಣೆ ಹೀರುತ್ತವೆ. ಸೋಂಕು ತಗಲಿದ ಗಂಡೇಡಿಯ ಹೊಟ್ಟೆಯ ಪಟ್ಟಿ ಹೆಣ್ಣಿನದರಂತೆ ಅಗಲವಾಗುತ್ತದೆ, ನೋಡುವವರು ಲಿಂಗವನ್ನೇ ತಪ್ಪಾಗಿ ಗುರುತಿಸುವಷ್ಟು. ಈ ಚೀಲದ ಕುಲಗೋತ್ರ ತಿಳಿದದ್ದು ಅದರಿಂದ ಹೊರಬಂದ ಮರಿಗಳನ್ನು ನೋಡಿದ ಮೇಲಷ್ಟೇ.

ಎಲ್ಲ ಮರಿಗಳನ್ನೂ ಗಾಜಿನ ಪಾತ್ರೆಯಲ್ಲಿ ಸಾಕಲಾಗದು. 1828ರಲ್ಲಿ ಗ್ರೇ ಎಂಬ ಪ್ರಾಣಿವಿಜ್ಞಾನಿ ಕೊಂಬುಗಳಿಂದ ಕೂಡಿದ, ದಪ್ಪ ಕವಚದ ವಿಚಿತ್ರ ಜೀವಿಯೊಂದಕ್ಕೆ ಸೆರಾಟಾಸ್ಪಿಸ್ ಮಾನ್‌ಸ್ಟ್ರೋಸಾ ಎಂದು ಹೆಸರಿಟ್ಟ. ದೊಡ್ಡ ಮೀನುಗಳ ಹೊಟ್ಟೆಯೊಳಗೆ ಸಿಕ್ಕುತ್ತಿದ್ದ ಇದು ಯಾವುದೋ ಸಿಗಡಿಯ ಮರಿಯಿರಬೇಕೆಂಬ ಊಹೆ 19ನೇ ಶತಮಾನದಲ್ಲೇ ಇತ್ತು. ಯಾವ ಸಿಗಡಿ ಎಂಬುದಕ್ಕೆ ಉತ್ತರ ಬಂದದ್ದು 184 ವರ್ಷಗಳ ನಂತರ. ಮೆಕ್ಸಿಕೊ ಕೊಲ್ಲಿಯಲ್ಲಿ ಸಿಕ್ಕ ಒಂದು ಮರಿಯ ಐದು ಜೀನ್‌ಗಳನ್ನು ಬ್ರಾಕನ್-ಗ್ರಿಸಮ್ ಮತ್ತು ಸಂಗಡಿಗರು 2012ರಲ್ಲಿ ಓದಿದಾಗ, ಅವು ಸಾವಿರಾರು ಮೀಟರ್ ಆಳದಲ್ಲಿ ವಾಸಿಸುವ ಪ್ಲೆಸಿಯೊಪೀನಿಯಸ್ ಆರ್ಮಾಟಸ್ ಎಂಬ ಸಿಗಡಿಯ ಜೀನ್‌ಗಳಿಗೆ ತಾಳೆಯಾದವು. ಮೊದಲು ಇಟ್ಟ ಹೆಸರಿಗೇ ಹಕ್ಕು ಎಂಬುದು ಪ್ರಾಣಿ ನಾಮಕರಣದ ನಿಯಮ. ಹಾಗಾಗಿ ಮರಿಯ ಹೆಸರು ಉಳಿದು, ತಾಯಿಯ ಹೆಸರು ಅಳಿಯಿತು.

ಡಿಎನ್‌ಎ ಇಷ್ಟು ಮಾಡಬಲ್ಲದಾದರೆ ಮುಳ್ಳು ಎಣಿಸುವವರು ಇನ್ನೇಕೆ ಎಂಬ ಪ್ರಶ್ನೆ ಏಳುತ್ತದೆ. ಬೇಕೇ ಬೇಕು ಎಂದು ನಾನು ನಂಬಿದ್ದೇನೆ. ಪ್ರಭೇದ ಗುರುತಿಸಲು ಸಾಮಾನ್ಯವಾಗಿ ಬಳಸುವ ಮೈಟೊಕಾಂಡ್ರಿಯಾದ ಜೀನ್‌ನ ಹಳೆಯ, ಕೆಟ್ಟುಹೋದ ಪ್ರತಿಗಳು ಕೋಶಕೇಂದ್ರದೊಳಗೂ ಕುಳಿತಿರುತ್ತವೆ. ಯಂತ್ರ ಆ ಪ್ರತಿಯನ್ನು ಓದಿಬಿಟ್ಟರೆ ಇಲ್ಲದ ಪ್ರಭೇದಗಳು ಹುಟ್ಟಿಕೊಳ್ಳುತ್ತವೆ. ಕ್ರೇಫಿಷ್‌ಗಳಲ್ಲಿ ಇದು 2008ರಲ್ಲೇ ಬೆಳಕಿಗೆ ಬಂದಿದೆ. ಇನ್ನೊಂದು ತೊಡಕು ಸರಳವಾದದ್ದು. ಜೀನ್‌ಗಳ ಭಂಡಾರದಲ್ಲಿ ಯಾರೋ ಒಲಿವೇಸಿಯಾದ ಡಿಎನ್‌ಎಯನ್ನು ಸೆರ್ರಾಟಾ ಎಂದು ದಾಖಲಿಸಿದ್ದರೆ, ಮುಂದೆ ಹೋಲಿಸಿ ನೋಡುವವರಿಗೆಲ್ಲ ಅದೇ ತಪ್ಪು ಹೆಸರು ಸಿಗುತ್ತದೆ. ಆ ಡಿಎನ್‌ಎ ಬಂದ ಏಡಿಯನ್ನು ಸಂಗ್ರಹಾಲಯದಲ್ಲಿ ಉಳಿಸಿಟ್ಟಿದ್ದರೆ ಮಾತ್ರ ತೆಗೆದು ಮಣಿಕಟ್ಟಿನ ಮುಳ್ಳು ನೋಡಿ ತಿದ್ದಬಹುದು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಕಾರವಾರ, ಮಂಗಳೂರುಗಳಲ್ಲಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ ಏಡಿ ಹಿಡಿಯುವವರು ಬಲೆಗೆ ಬಿದ್ದ ಅಪರೂಪದ ಜೀವಿಯನ್ನು ನೀರಿಗೆ ಎಸೆಯುವ ಬದಲು, ಸಿಕ್ಕ ಜಾಗ ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು, ಮಂಜುಗಡ್ಡೆಯಲ್ಲಿಟ್ಟು ಇಂತಹ ಕೇಂದ್ರಕ್ಕೆ ತಲುಪಿಸಿದರೆ, ಅಲ್ಲಿನ ವಿಜ್ಞಾನಿಯ ಕೆಲಸ ಅರ್ಧ ಮುಗಿದಂತೆ.