ರನ್‌ಫ್ಲಾಟ್ ಟೈರ್: 80 ಕಿಲೋಮೀಟರ್ ಓಡಿದ ಮೇಲೆ ಏನು?

ಸೆಕೆಂಡ್ ಹ್ಯಾಂಡ್‌ನಲ್ಲಿ ಬಿಎಂಡಬ್ಲ್ಯೂ ಝಡ್4 ಕೊಂಡವರು ಟೈರ್ ಬದಲಿಸಲು ಬೆಂಗಳೂರಿನ ನಮ್ಮ ಅಂಗಡಿಗೆ ಬಂದರೆ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸಾರ್, ರನ್‌ಫ್ಲಾಟ್ ತೆಗೆದು ಮಾಮೂಲಿ ಟೈರ್ ಹಾಕಿಸಿದರೆ ಏನಾದರೂ ತೊಂದರೆ ಆಗುತ್ತಾ?" ಉತ್ತರ ಕೊಡುವ ಮೊದಲು ನಾನೂ ಕೇಳುತ್ತೇನೆ: ಗಾಡಿ ಜಾಸ್ತಿ ಯಾವ ರಸ್ತೆಯಲ್ಲಿ ಓಡುತ್ತದೆ, ರಾತ್ರಿ ಹೊತ್ತು ಒಬ್ಬರೇ ಹೋಗುತ್ತೀರಾ?

ರನ್‌ಫ್ಲಾಟ್ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ದಪ್ಪ ರಬ್ಬರಿನಿಂದ ಗಟ್ಟಿ ಮಾಡಿದ್ದು. ಗಾಳಿ ಪೂರ್ತಿ ಹೋದರೂ ಆ ಗೋಡೆಯೇ ಕಾರಿನ ಭಾರ ಹೊರುತ್ತದೆ, ಟೈರ್ ರಿಮ್ಮಿನಿಂದ ಕಳಚಿಕೊಳ್ಳುವುದಿಲ್ಲ. ಹಾಗೆ ಗಂಟೆಗೆ 80 ಕಿಲೋಮೀಟರ್ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಹೋಗಬಹುದು ಎನ್ನುವುದು ಕಂಪನಿಗಳು ಸಾಮಾನ್ಯವಾಗಿ ಕೊಡುವ ಮಿತಿ. ಗಾಳಿ ಇಲ್ಲದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುವಾಗ ಬಿಸಿಯಾಗುತ್ತದೆ. ವೇಗ ಹೆಚ್ಚಿದರೆ, ಲಗೇಜ್ ತುಂಬಿದ್ದರೆ ಇನ್ನೂ ಬೇಗ. ಆ ಬಿಸಿಯೇ ಕೊನೆಗೆ ಟೈರನ್ನು ತಿನ್ನುವುದು.

ಸ್ಪೋರ್ಟ್ಸ್ ಕಾರಿಗೆ ಇದು ಬಂದದ್ದಕ್ಕೆ ದೊಡ್ಡ ಕಾರಣ ಜಾಗ. 1997ರ ಷೆವರ್ಲೆ ಕಾರ್ವೆಟ್ ರನ್‌ಫ್ಲಾಟ್ ಹಾಕಿಕೊಂಡು ಸ್ಟೆಪ್ನಿಯನ್ನೇ ಬಿಟ್ಟಿತು. ಝಡ್4 ಕೂಡ ಅದೇ ದಾರಿ ಹಿಡಿಯಿತು. ಆದರೆ 2006ರಲ್ಲಿ ಅದೇ ಕಾರಿನ ವೇಗದ ಮಾದರಿ ಝಡ್4 ಎಂ ಬಂದಾಗ ಬಿಎಂಡಬ್ಲ್ಯೂ ಕೊಟ್ಟದ್ದು ಮಾಮೂಲಿ ಟೈರ್, ಜೊತೆಗೊಂದು ಪಂಕ್ಚರ್ ಕಿಟ್, ಅಂದರೆ ತೂತು ಮುಚ್ಚುವ ದ್ರವ ಮತ್ತು ಗಾಳಿ ತುಂಬುವ ಪುಟ್ಟ ಕಂಪ್ರೆಸರ್. ಓಡಿಸುವ ಸುಖಕ್ಕೆ ಯಾವ ಟೈರ್ ಒಳ್ಳೆಯದು ಎಂಬ ಪ್ರಶ್ನೆಗೆ ಕಾರು ಮಾಡಿದವರೇ ಕೊಟ್ಟ ಉತ್ತರ ಅದು ಎಂದು ನಾನು ತಿಳಿದಿದ್ದೇನೆ.

ಕಾರಣವೂ ಸರಳ. ರನ್‌ಫ್ಲಾಟ್ ಭಾರ ಹೆಚ್ಚು, ಮತ್ತು ಆ ಭಾರ ಸ್ಪ್ರಿಂಗ್‌ನ ಕೆಳಗೆ, ಚಕ್ರದಲ್ಲೇ ಇರುತ್ತದೆ. ಗುಂಡಿಗೆ ಬಿದ್ದಾಗ ಮಾಮೂಲಿ ಟೈರಿನ ಗೋಡೆ ಬಳುಕಿ ಪೆಟ್ಟಿನ ಒಂದು ಪಾಲು ನುಂಗಿಕೊಳ್ಳುತ್ತದೆ. ಗಟ್ಟಿ ಗೋಡೆ ಅದನ್ನು ರಿಮ್ಮಿಗೂ ಸಸ್ಪೆನ್ಷನ್‌ಗೂ ನಿಮ್ಮ ಸೊಂಟಕ್ಕೂ ದಾಟಿಸುತ್ತದೆ. ತಿರುವಿನ ನಡುವೆ ರಸ್ತೆ ಏರುಪೇರಾಗಿದ್ದರೆ ಹಿಂದಿನ ಚಕ್ರ ಹಾರಿ ಬೀಳುವ ಹಾಗೆ ಅನ್ನಿಸುವುದು ಇದರಿಂದಲೇ. ಹಾಗೆಂದು ಮಾಮೂಲಿ ಟೈರಿಗೆ ಗುಂಡಿಯ ಭಯವಿಲ್ಲ ಎನ್ನಬೇಡಿ. 40 ಅಥವಾ 35ರ ಪ್ರೊಫೈಲಿನಲ್ಲಿ, ಅಂದರೆ ಗೋಡೆಯ ಎತ್ತರ ಟೈರಿನ ಅಗಲದ ಶೇಕಡ 40 ಅಥವಾ 35 ಮಾತ್ರ ಇರುವಾಗ, ಗೋಡೆಯ ಎತ್ತರವೇ ಕಡಿಮೆ. ಒಳಗಿನ ದಾರ ಹರಿದು ಪಕ್ಕದಲ್ಲಿ ಬುಗುಟೆ ಎದ್ದರೆ ಆ ಟೈರ್ ಮುಗಿಯಿತು.

ಈಗ ರನ್‌ಫ್ಲಾಟ್‌ನ ನಿಜವಾದ ಗುಣಕ್ಕೆ ಬರೋಣ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ರಾತ್ರಿ ಪಂಕ್ಚರ್ ಆಯಿತು ಅನ್ನಿ. 100ರ ವೇಗದಲ್ಲಿ ಗಾಡಿಗಳು ಹಾದುಹೋಗುವಾಗ ಅಂಚಿನಲ್ಲಿ ಬಗ್ಗಿ ಚಕ್ರ ನೋಡುವುದು ಜೀವಕ್ಕೆ ಅಪಾಯ. ಅಲ್ಲಿ ನಿಲ್ಲಿಸದೆ ಮುಂದಿನ ಊರಿನ ಬೆಳಕಿಗೆ ತಲುಪಿಸುವ ಟೈರಿಗೆ ಬೆಲೆ ಕಟ್ಟಲಾಗದು. ಇಂಥ ರಸ್ತೆಯಲ್ಲಿ ರಾತ್ರಿ ಒಂಟಿಯಾಗಿ ಓಡಾಡುವವರಿಗೆ, ಮಕ್ಕಳನ್ನೋ ವಯಸ್ಸಾದವರನ್ನೋ ಕೂರಿಸಿಕೊಂಡು ಹೋಗುವವರಿಗೆ, ರನ್‌ಫ್ಲಾಟನ್ನೇ ಉಳಿಸಿಕೊಳ್ಳಿ ಎಂದು ಹೇಳುತ್ತೇನೆ.

ಶಿರಾಡಿ ಘಾಟಿಯ ಲೆಕ್ಕ ಬೇರೆ. ರನ್‌ಫ್ಲಾಟ್ ನಿಮ್ಮನ್ನು ಸಕಲೇಶಪುರಕ್ಕೆ ಮುಟ್ಟಿಸುತ್ತದೆ, ಅಲ್ಲಿಂದ 40 ಕಿಲೋಮೀಟರ್ ಚಿಲ್ಲರೆ ದೂರದ ಹಾಸನಕ್ಕೂ ಮುಟ್ಟಿಸಬಹುದು. ಆಮೇಲೆ? 255/35 ಆರ್ 18 ಅಳತೆಯ ರನ್‌ಫ್ಲಾಟ್ ಅಲ್ಲಿನ ಅಂಗಡಿಯಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಇಂಥ ಅಪರೂಪದ ಅಳತೆಗೆ ಬೆಂಗಳೂರಿನಲ್ಲೇ ಕಾಯಬೇಕಾಗುತ್ತದೆ. ಗಾಳಿ ಇಲ್ಲದೆ ಅಷ್ಟು ದೂರ ಓಡಿದ ಟೈರನ್ನು ಪಂಕ್ಚರ್ ಹಾಕಿಸಿ ಮತ್ತೆ ಬಳಸುವುದೂ ಸರಿಯಲ್ಲ. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ರಬ್ಬರ್ ಸುಟ್ಟು ಪುಡಿಯಾಗಿರಬಹುದು. ಕೊನೆಗೆ ಕಾರು ಲಾರಿಯ ಮೇಲೇರಿಯೇ ಬೆಂಗಳೂರಿಗೆ ಬರುತ್ತದೆ. ಅದೇ ಮಾಮೂಲಿ ಟೈರಿಗೆ ನಡು ಪಟ್ಟಿಯಲ್ಲಿ ಮೊಳೆ ಚುಚ್ಚಿ, ಗಾಳಿ ಪೂರ್ತಿ ಇಳಿಯುವ ಮೊದಲೇ ನೀವು ನಿಲ್ಲಿಸಿದ್ದರೆ, ಕಿಟ್ಟಿನ ದ್ರವ ಹಾಕಿ ಗಾಳಿ ತುಂಬಿ ಊರು ಸೇರಬಹುದು. ಅಲ್ಲಿ ಟೈರ್ ಬಿಚ್ಚಿಸಿ, ದ್ರವ ತೊಳೆಸಿ, ಒಳಗಿನಿಂದ ಮಶ್ರೂಮ್ ಪ್ಯಾಚ್ (ತೂತಿಗೆ ತೂರುವ ಕಾಂಡವಿರುವ, ಅಣಬೆಯಾಕಾರದ ರಬ್ಬರ್ ತೇಪೆ) ಹಾಕಿಸಿದರೆ ಟೈರ್ ಉಳಿಯುತ್ತದೆ. ಗೋಡೆಯೇ ಸೀಳಿದರೆ ಮಾತ್ರ ಕಿಟ್ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಮಾಮೂಲಿ ಟೈರಿನವರು ಸೋಲುತ್ತಾರೆ.

ಹಾಗಾಗಿ ವಾರದ ಕೊನೆಗೆ ಬೆಳಗಿನ ಹೊತ್ತು ನಂದಿ ಬೆಟ್ಟದ ಕಡೆ ಹೋಗಿ ಬರುವ, ಉಳಿದ ದಿನ ನಗರದೊಳಗೇ ಇರುವ ಕಾರಿಗೆ ನನ್ನ ಸಲಹೆ ಮಾಮೂಲಿ ಟೈರ್. ಹಾಕಿಸಿದ ಮೇಲೆ ಮೊದಮೊದಲು ಸ್ಟೀರಿಂಗ್ ಕೊಂಚ ಮೆತ್ತಗಾದಂತೆ ಅನ್ನಿಸುತ್ತದೆ, ಅಭ್ಯಾಸವಾಗುತ್ತದೆ. ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಇದ್ದರೆ ಬ್ರೇಕ್ ಹಿಡಿದು ತಿರುಗುವಾಗ ಕಾರು ಎರಡು ಥರ ಉತ್ತರ ಕೊಡುತ್ತದೆ. ಹಣ ಉಳಿಸಲು ಎರಡೇ ಹಾಕಿ ಎನ್ನುವವರಿಗೆ ನಾನು ಹಾಕಿಕೊಡುವುದಿಲ್ಲ.

ಅಳತೆಯ ಪಕ್ಕದ ಸಂಖ್ಯೆಯನ್ನೂ ನೋಡಿ. 225/40 ಆರ್ 18ರಲ್ಲಿ 88 ಎಂದಿದ್ದರೆ ಒಂದು ಟೈರ್ 560 ಕಿಲೋ ಹೊರುತ್ತದೆ. ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್, ಹೆಚ್ಚು ಭಾರ ಹೊರುವ) ಬಗೆಯ 92 ಆದರೆ 630 ಕಿಲೋ. ಮಾಮೂಲಿ ಟೈರಿಗೆ ಹೋಗುವವರು ನಮ್ಮ ರಸ್ತೆಗಳಿಗೆ ಎಕ್ಸ್‌ಎಲ್ ಆರಿಸುವುದು ವಾಸಿ. ಹಳೆಯ ರಿಮ್ಮೇ ಸಾಕು, ರನ್‌ಫ್ಲಾಟ್‌ಗೆಂದು ಮಾಡಿದ ರಿಮ್ಮಿನಲ್ಲಿ ಮಾಮೂಲಿ ಟೈರ್ ಸರಿಯಾಗಿ ಕೂರುತ್ತದೆ. ತಯಾರಾದ ವಾರ ಮತ್ತು ವರ್ಷ ತಿಳಿಸುವ ನಾಲ್ಕು ಅಂಕಿ ಪಕ್ಕದಲ್ಲೇ ಅಚ್ಚಾಗಿರುತ್ತದೆ. 1023 ಎಂದರೆ 2023ರ ಹತ್ತನೇ ವಾರ. ಅಪರೂಪದ ಅಳತೆಯ ಟೈರ್ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ, ಫಿಟ್ ಮಾಡುವ ಮುಂಚೆಯೇ ಓದಿಸಿಕೊಳ್ಳಿ.

ಡಿಕ್ಕಿಯಲ್ಲಿ ಇಡುವ ದ್ರವದ ಬಾಟಲಿಗೂ ಅವಧಿ ಉಂಟು, ಸಾಮಾನ್ಯವಾಗಿ ಕೆಲವೇ ವರ್ಷ. ಹಳೆಯ ಕಾರು ಕೊಂಡ ದಿನವೇ ಅದನ್ನು ತೆಗೆದು ದಿನಾಂಕ ನೋಡಿ, ಕಂಪ್ರೆಸರ್ ಒಮ್ಮೆ ಓಡಿಸಿ ಪರೀಕ್ಷಿಸಿ.